ಸನ್ನತಿಯ ರಾಜನಿಗೆ ಕಂಪ್ಯೂಟರಿನಲ್ಲಿ ಬಟ್ಟೆ: ಗೇಮ್ ‘ಸ್ಕಿನ್’ ಅಂದರೇನು, ಅದನ್ನು ಹೇಗೆ ಮಾಡುತ್ತಾರೆ?

“ಅಣ್ಣಾರ, ನಮ್ಮ ಹುಡುಗ ದಿನಾ ರಾತ್ರಿ ಒಂದು ಗಂಟೆ ತನಕ ಸ್ಕಿನ್ ಮಾಡ್ಲಾಕತ್ತೀನಿ ಅಂತಾನ. ಸ್ಕಿನ್ ಅಂದ್ರ ಚರ್ಮ ಅಲ್ರೀ? ಏನ್ ಕೆಲಸರೀ ಅದು?”

ಕಲಬುರಗಿಯ ನಮ್ಮ ಓಣಿಯ ತಾಯಿಯೊಬ್ಬರು ಈ ಬೇಸಿಗೆಯಲ್ಲಿ ಕೇಳಿದ ಪ್ರಶ್ನೆ ಇದು. ಹೊರಗೆ ಕಾಲಿಡಲಾಗದ ಬಿಸಿಲು, ಕಾಲೇಜಿಗೆ ರಜೆ, ಮನೆಯಲ್ಲೊಂದು ಹಳೆಯ ಲ್ಯಾಪ್‌ಟಾಪ್. ಹುಡುಗರು ಗೇಮ್ ಆಡುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗೇಮಿನ ಒಳಗಿನ ಸೈನಿಕನಿಗೆ ತಾವೇ ಬಟ್ಟೆ ಹೊಲಿಯುತ್ತ ಕೂರುವುದು ಹೊಸದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದ ಮೇಲೆ ‘ಗೇಮ್’ ಅಂದರೇ ಮನೆಯವರು ಬೆಚ್ಚುತ್ತಾರೆ. ಆ ತಾಯಿಯ ಭಯವೂ ಅದೇ ಆಗಿತ್ತು.

ನಾನು ಮದುವೆ ಆಲ್ಬಮ್ ಡಿಸೈನ್ ಮಾಡಿ ಹೊಟ್ಟೆ ಹೊರೆಯುವವನು. ಫೋಟೋ ತಿದ್ದುವ ಸಾಫ್ಟ್‌ವೇರ್ ಕೈಗೆ ಹತ್ತಿದೆ ಎಂಬ ಒಂದೇ ಕಾರಣಕ್ಕೆ ನನ್ನ ಅಕ್ಕನ ಮಗ ಹೋದ ವರ್ಷ ನನ್ನನ್ನು ಈ ಸ್ಕಿನ್ ಕೆಲಸಕ್ಕೆ ಎಳೆದ. ಅಲ್ಲಿ ಕಲಿತದ್ದು ಇಷ್ಟು.

ಚರ್ಮವಲ್ಲ, ವೇಷ

ಬಯಲಾಟ ನೋಡಿದವರಿಗೆ ಇದು ಸುಲಭ. ಒಬ್ಬನೇ ಕಲಾವಿದ ಮೊದಲು ದೂತನಾಗಿ ಬರುತ್ತಾನೆ, ಒಳಗೆ ಹೋಗಿ ಬಣ್ಣ ಬದಲಿಸಿಕೊಂಡು ರಾಕ್ಷಸನಾಗಿ ಬರುತ್ತಾನೆ. ಮೈ ಅದೇ, ಎತ್ತರ ಅದೇ, ಕುಣಿಯುವ ಕಾಲೂ ಅವೇ. ಬದಲಾದದ್ದು ವೇಷ ಮಾತ್ರ.

ಗೇಮಿನಲ್ಲಿ ಆ ಮೈಗೆ ‘ಮಾಡೆಲ್’ ಎನ್ನುತ್ತಾರೆ. ಅದು ಸಣ್ಣ ಸಣ್ಣ ತ್ರಿಕೋನಗಳನ್ನು ಅಂಚಿಗೆ ಅಂಚು ಜೋಡಿಸಿ ಕಟ್ಟಿದ ಪೊಳ್ಳು ಗೊಂಬೆ. ತ್ರಿಕೋನಗಳ ಈ ಬಲೆಯ ಹೆಸರು ‘ಮೆಶ್’. ಬಲೆಗೆ ತನ್ನದೇ ಬಣ್ಣವಿಲ್ಲ. ಅದರ ಮೇಲೆ ಸುತ್ತುವ ಚಪ್ಪಟೆ ಚಿತ್ರವೇ ‘ಟೆಕ್ಸ್ಚರ್’. ಒಂದು ಪಾತ್ರಕ್ಕಾಗಿ ಬರೆದ ಟೆಕ್ಸ್ಚರನ್ನು ಆಡುಮಾತಿನಲ್ಲಿ ‘ಸ್ಕಿನ್’ ಎನ್ನುತ್ತಾರೆ. ಕಣ್ಣು, ಮೀಸೆ, ಧೋತರದ ನೆರಿಗೆ, ಸೊಂಟದ ಪಟ್ಟಿ ಎಲ್ಲವೂ ಆ ಒಂದು ಚಿತ್ರದಲ್ಲೇ ಇರುತ್ತವೆ.

ಇನ್ನೊಂದು ರೀತಿಯಲ್ಲಿ ನೋಡುವುದಾದರೆ ಬಿದರಿ ಹೂಜಿ ನೆನೆಯಿರಿ. ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದಂತೆ ಕಾಣುತ್ತದೆ, ಆದರೆ ಬೆರಳಾಡಿಸಿದರೆ ನುಣ್ಣಗಿರುತ್ತದೆ. ಬಳ್ಳಿಯ ಜಾಗದಲ್ಲಿ ನವಿಲು ಬರೆದರೂ ಹೂಜಿ ಹೂಜಿಯಾಗಿಯೇ ಇರುತ್ತದೆ, ಅದರಲ್ಲಿ ಹಿಡಿಯುವ ನೀರೂ ಅಷ್ಟೇ. ಸ್ಕಿನ್ ಬದಲಿಸಿದ ಸೈನಿಕನೂ ಹಾಗೆಯೇ. ಅವನ ಬಲ ಹೆಚ್ಚುವುದಿಲ್ಲ, ಓಟ ಚುರುಕಾಗುವುದಿಲ್ಲ. ಆ ಲೆಕ್ಕವೆಲ್ಲ ಬೇರೆ ಕಡತಗಳಲ್ಲಿರುತ್ತದೆ.

ಯಾವ ಆಟದಲ್ಲಿ ಇದು ಸಾಧ್ಯ?

ನಮ್ಮ ಹುಡುಗರು ಆಡುವುದು ಸ್ಟ್ರಾಟೆಜಿ ಗೇಮ್, ಅಂದರೆ ಯುಕ್ತಿಯ ಆಟ. ಒಬ್ಬನೇ ಬಂದೂಕು ಹಿಡಿದು ಓಡುವುದಲ್ಲ. ಮೇಲಿನಿಂದ ಇಡೀ ಊರನ್ನು ನೋಡುತ್ತ, ಹೊಲ ಬಿತ್ತಿ, ಕಲ್ಲು ಕಡಿದು, ಕೋಟೆ ಕಟ್ಟಿ, ದಂಡು ಕೂಡಿಸಬೇಕು.

1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 2’ ಈ ಬಗೆಯ ಹೆಸರಾಂತ ಆಟ. ಆದರೆ ಅದರ ಸೈನಿಕನಿಗೆ ಸ್ಕಿನ್ ಹೊಲಿಯಲಾಗದು, ಯಾಕೆಂದರೆ ಅಲ್ಲಿ ಮೈಯೇ ಇಲ್ಲ. ಸೈನಿಕ ನಡೆಯುವ, ಕತ್ತಿ ಬೀಸುವ, ಬೀಳುವ ಪ್ರತಿ ಭಂಗಿಯನ್ನೂ, ಬೇರೆ ಬೇರೆ ದಿಕ್ಕಿನಿಂದ, ಮೊದಲೇ ತಯಾರಿಸಿಟ್ಟ ಚಪ್ಪಟೆ ಚಿತ್ರಗಳ ಕಟ್ಟು ಅದು. ರುಮಾಲಿನ ಬಣ್ಣ ಬದಲಿಸಬೇಕೆಂದರೆ ಅಷ್ಟೂ ಚಿತ್ರಗಳನ್ನು ತಿದ್ದಬೇಕು. 2002ರ ‘ವಾರ್‌ಕ್ರಾಫ್ಟ್ 3’, 2004ರ ‘ರೋಮ್: ಟೋಟಲ್ ವಾರ್’ ಥರದ ಆಟಗಳಲ್ಲಿ ಮೂರು ಆಯಾಮದ ಮಾಡೆಲ್ ಇದೆ. ಅಲ್ಲಿ ಒಂದು ಚಿತ್ರ ಬದಲಿಸಿದರೆ ಎಲ್ಲ ಭಂಗಿಗಳಲ್ಲೂ ಹೊಸ ಬಟ್ಟೆ.

ಕಲಿಯಲು ನಾವು ಹಿಡಿದದ್ದು ‘ಝೀರೋ ಎ.ಡಿ.’. ವೈಲ್ಡ್‌ಫೈರ್ ಗೇಮ್ಸ್ ಎಂಬ ಸ್ವಯಂಸೇವಕರ ಬಳಗ ಕಟ್ಟಿದ ಉಚಿತ ಆಟ. 2009ರಲ್ಲಿ ಅದರ ಸೋರ್ಸ್ ಕೋಡನ್ನೂ (ಆಟವನ್ನು ಕಟ್ಟಿದ ಮೂಲ ಬರಹ) ಕಲಾಕೃತಿಗಳನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಹಾಗಾಗಿ ಒಳಗಿನ ಕಡತಗಳನ್ನು ತೆಗೆದು ನೋಡುವುದು ಕಳ್ಳತನವಲ್ಲ. ಇನ್ನೊಂದು ಕಾರಣವೂ ಇತ್ತು. ಅದರಲ್ಲಿ ಮೌರ್ಯರ ಪಡೆಯಿದೆ. ಚಂದ್ರಗುಪ್ತ, ಚಾಣಕ್ಯ, ಅಶೋಕ ನಾಯಕರಾಗಿ ಬರುತ್ತಾರೆ. ದುಡಿಯುವ ಆನೆ ಇದೆ, ಅಶೋಕನ ಶಾಸನಸ್ತಂಭವನ್ನೂ ನಿಲ್ಲಿಸಬಹುದು. ಅಶೋಕ ನಮ್ಮ ಜಿಲ್ಲೆಗೆ ಹೊರಗಿನವನಲ್ಲವಲ್ಲ!

ದರ್ಜಿಯ ಲೆಕ್ಕ

ಸ್ಕಿನ್ ಮಾಡುವುದರಲ್ಲಿ ಹೊಸಬರು ಎಡವುವ ಮೊದಲ ಜಾಗ ಇದು. ಗೊಂಬೆ ದುಂಡಗಿದೆ, ಚಿತ್ರ ಚಪ್ಪಟೆ. ಎರಡೂ ಹೇಗೆ ಕೂಡುತ್ತವೆ?

ದರ್ಜಿ ಅಂಗಿ ಹೊಲಿಯುವಾಗ ಮಾಡುವುದೂ ಇದನ್ನೇ. ಮೈ ದುಂಡಗಿದ್ದರೂ ಅರಿವೆ ಚಪ್ಪಟೆ. ಎದೆಯ ತುಂಡು, ಬೆನ್ನಿನ ತುಂಡು, ತೋಳು, ಕೊರಳಪಟ್ಟಿ ಎಂದು ಬಿಡಿಸಿ ಕತ್ತರಿಸುತ್ತಾನೆ. ಗೇಮಿನ ಗೊಂಬೆಯನ್ನೂ ಹೀಗೆ ಹೊಲಿಗೆ ಬಿಚ್ಚಿ ಒಂದು ಚೌಕದ ಮೇಲೆ ಹಾಸುತ್ತಾರೆ. ಆ ಹಾಸಿನ ಹೆಸರು ‘ಯುವಿ ಮ್ಯಾಪ್’. ಯು ಅಂದರೆ ಅಡ್ಡಳತೆ, ವಿ ಅಂದರೆ ಉದ್ದಳತೆ. ಎರಡೂ ಸೊನ್ನೆಯಿಂದ ಒಂದರವರೆಗೆ. ಮೆಶ್‌ನ ಪ್ರತಿ ಮೂಲೆಯೂ “ಚೌಕದಲ್ಲಿ ನನ್ನ ಜಾಗ ಇಂಥದ್ದು” ಎಂದು ನೆನಪಿಟ್ಟುಕೊಂಡಿರುತ್ತದೆ. ಆ ಜಾಗದಲ್ಲಿ ನೀವು ಯಾವ ಬಣ್ಣ ಬರೆಯುತ್ತೀರೋ ಗೊಂಬೆಯ ಮೈಮೇಲೆ ಅದೇ ಬರುತ್ತದೆ.

ತಯಾರಾದ ಚೌಕವನ್ನು ಮೊದಲ ಸಲ ನೋಡಿದಾಗ ನನಗೆ ಅಜ್ಜಿಯ ಕೌದಿ ನೆನಪಾಯಿತು. ಒಂದು ಮೂಲೆಯಲ್ಲಿ ಸುಲಿದಿಟ್ಟಂತೆ ಮುಖ, ಪಕ್ಕದಲ್ಲಿ ಅಂಗಾಲು, ನಡುವೆ ಬೆನ್ನು, ಸಂದಿಯಲ್ಲೆಲ್ಲೋ ಕಿವಿ. ಒಂದಿಂಚೂ ಜಾಗ ಹಾಳಾಗದಂತೆ ತೇಪೆ ಜೋಡಿಸಿದ್ದರು.

ಜಾಗ ಉಳಿಸಲು ಇನ್ನೂ ಒಂದು ಉಪಾಯ ಮಾಡುತ್ತಾರೆ. ಎಡಗೈ ಬಲಗೈ ಎರಡಕ್ಕೂ ಒಂದೇ ತುಂಡನ್ನು ಕನ್ನಡಿಯಂತೆ ತಿರುಗಿಸಿ ಬಳಸುತ್ತಾರೆ. ನಮಗಿದು ಗೊತ್ತಿರಲಿಲ್ಲ. ಅಕ್ಕನ ಮಗ ಸೈನಿಕನ ಬಲತೋಳಿಗೆ ಹಚ್ಚೆಯಂತೆ ತನ್ನ ಹೆಸರಿನ ಮೊದಲ ಅಕ್ಷರ ಬರೆದ. ಅದು ಎಡತೋಳಿನ ಮೇಲೂ ಬಂತು, ಅದೂ ಹಿಂದುಮುಂದಾಗಿ. ಅಕ್ಷರ ಬರೆಯುವ ಮುನ್ನ ಚೌಕದ ಮೇಲೆ ಬಿಡಿ ಬಿಡಿ ಬಣ್ಣದ ಚುಕ್ಕಿ ಇಟ್ಟು, ಯಾವುದು ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಿಕೊಂಡರೆ ಒಂದು ಸಂಜೆ ಉಳಿಯುತ್ತದೆ.

ಮಾದರಿ ಎಲ್ಲಿಂದ? ಭೀಮೆಯ ದಂಡೆಯಿಂದ

ಬಣ್ಣ ಹಾಕುವ ಮುನ್ನ ‘ರೆಫರೆನ್ಸ್’ ಬೇಕು, ಅಂದರೆ ಕಣ್ಣೆದುರು ಇಟ್ಟುಕೊಳ್ಳುವ ಮಾದರಿ. ಟಿವಿ ಧಾರಾವಾಹಿಯ ರಾಜನನ್ನು ನೋಡಿ ಬರೆದರೆ ಥಳಥಳ ಕಿರೀಟ, ಕಂಪ್ಯೂಟರ್ ಕಸೂತಿ ಬರುತ್ತದೆ. ಕಲಬುರಗಿಯವರಿಗೆ ಅದರ ಗರಜಿಲ್ಲ.

ಚಂದ್ರಲಾ ಪರಮೇಶ್ವರಿಯ ಗುಡಿಯಿರುವ ಸನ್ನತಿ ನಮ್ಮ ಜಿಲ್ಲೆಯ, ನಮ್ಮವರಿಗೆಲ್ಲ ಗೊತ್ತಿರುವ ಊರು. ಅಲ್ಲಿ ಗುಡಿಯ ಆವರಣದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನ ಎಂದು ಆಗ ಬೆಳಕಿಗೆ ಬಂತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅದರ ಸುಣ್ಣಕಲ್ಲಿನ ಹಲಗೆಯೊಂದರ ಮೇಲೆ ರಾಜನಿದ್ದಾನೆ, ಸುತ್ತ ಹೆಂಗಸರು, ಹಿಡಿದ ಛತ್ರಿ, ಬೀಸುವ ಚಾಮರ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಕಲ್ಲಿನ ಮೇಲೆ ಅಶೋಕನ ಚಿತ್ರ, ಅದರ ಪಕ್ಕದಲ್ಲೇ ಅವನ ಹೆಸರು!

ಆದರೆ ಒಂದು ಮಾತು ತಿಳಿದಿರಬೇಕು. ಈ ಶಿಲ್ಪ ಅಶೋಕನನ್ನು ಕೂರಿಸಿಕೊಂಡು ಕಡೆದದ್ದಲ್ಲ. ಅವನು ಹೋಗಿ ಶತಮಾನಗಳಾದ ಮೇಲೆ, ಶಾತವಾಹನರ ಕಾಲದಲ್ಲಿ ಕಡೆದದ್ದು. ಅಂದರೆ ಶಿಲ್ಪಿ ತನ್ನ ಕಾಲದ ರಾಜರ ಉಡುಗೆಯನ್ನೇ ಅಶೋಕನಿಗೆ ತೊಡಿಸಿದ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಅವನೂ ಒಂದು ಸ್ಕಿನ್ ಮಾಡಿದ. ಇದನ್ನು ಹೇಳಿದಾಗ ಅಕ್ಕನ ಮಗನಿಗೆ ಕುಷಿಯೋ ಕುಷಿ. “ಹಂಗಾದ್ರ ನಂದೂ ತಪ್ಪಲ್ಲ ಮಾಮಾ” ಅಂದ.

ಆ ಕಾಲದ ಶಿಲ್ಪಗಳಲ್ಲಿ ನಮ್ಮ ಕೆಲಸಕ್ಕೆ ಬೇಕಾದ್ದು ಹೇರಳವಾಗಿದೆ. ತಲೆಗೆ ಸುತ್ತಿದ ದಪ್ಪ ರುಮಾಲು, ಕಿವಿ ಜಗ್ಗುವ ಓಲೆ, ಬರಿಯ ಎದೆಯ ಮೇಲೆ ಹಾರ, ಸೊಂಟದಿಂದ ಕೆಳಗೆ ನೆರಿಗೆ ಹಿಡಿದ ಬಟ್ಟೆ. ಕಲ್ಲಿನಲ್ಲಿ ಬಣ್ಣ ಉಳಿದಿಲ್ಲವಾದ್ದರಿಂದ ಬಣ್ಣ ನಮ್ಮ ಊಹೆ. ನಾವು ಹತ್ತಿಯ ಮಾಸಲು ಬಿಳಿ ಮತ್ತು ಮಂಜಿಷ್ಠದ ಕೆಂಪು ಇಟ್ಟುಕೊಂಡೆವು.

ಬಣ್ಣ ತುಂಬುವುದು: ಹೆಚ್ಚಿನ ಕೆಲಸ ಇಲ್ಲೇ

ಚಿತ್ರ ಬರೆಯಲು ಗಿಂಪ್ ಅಥವಾ ಕ್ರಿಟಾ ಸಾಕು, ಮಾಡೆಲ್ ತೆರೆದು ನೋಡಲು ಬ್ಲೆಂಡರ್. ಮೂರೂ ಉಚಿತ.

ಚೌಕದ ಅಳತೆ ಎಷ್ಟಿರಬೇಕು? ಸಾಮಾನ್ಯವಾಗಿ 256, 512 ಅಥವಾ 1024 ಚುಕ್ಕಿ. ಈ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಐನೂರು ಅಂತ ದುಂಡು ಸಂಖ್ಯೆ ಯಾಕಿಲ್ಲ? ದೂರದ ಸೈನಿಕನನ್ನು ತೋರಿಸುವಾಗ ದೊಡ್ಡ ಚಿತ್ರವೇ ಬೇಕಿಲ್ಲವೆಂದು ಕಂಪ್ಯೂಟರ್ ಅದರ ಅರ್ಧ, ಅರ್ಧದ ಅರ್ಧ ಎಂದು ಚಿಕ್ಕ ನಕಲುಗಳನ್ನು ಇಟ್ಟುಕೊಳ್ಳುತ್ತದೆ. 512, 256, 128 ಹೀಗೆ ಇಳಿದು ಕೊನೆಗೆ 1ಕ್ಕೆ ಮುಟ್ಟಿದರೆ ಮೂಲವೂ ಸೇರಿ ಹತ್ತು ಚಿತ್ರ. ಇವಕ್ಕೆ ‘ಮಿಪ್‌ಮ್ಯಾಪ್’ ಎಂದು ಹೆಸರು. ಎರಡರಿಂದ ಭಾಗಿಸುತ್ತ ಹೋದರೂ ಶೇಷ ಉಳಿಯದ ಅಳತೆ ಬೇಕು. 500 ಆದರೆ 125ಕ್ಕೆ ಬಂದು ಎಡವುತ್ತದೆ.

ಈ ನಕಲುಗಳಿಂದ ಕಲಿಯಬೇಕಾದ್ದು ಎರಡಿದೆ. ಒಂದು, ಯುಕ್ತಿಯ ಆಟದಲ್ಲಿ ಕ್ಯಾಮೆರಾ ಮುಗಿಲಲ್ಲಿರುತ್ತದೆ. ನಿಮ್ಮ ಸೈನಿಕ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು. ನಾನು ಆಲ್ಬಮ್ ಚಾಳಿಯಿಂದ ಹುಬ್ಬಿನ ಕೂದಲು ಎಣಿಸಿ ಬರೆದೆ, ಆಟದಲ್ಲಿ ಅದು ಮಸಿ ಬಳಿದಂತೆ ಕಂಡಿತು. ದೂರದಿಂದ ಕಾಣುವುದು ದೊಡ್ಡ ಆಕಾರ, ಗಾಢ–ತೆಳು ಬಣ್ಣಗಳ ವ್ಯತ್ಯಾಸ, ಅಗಲ ಅಂಚು. ಎರಡು, ಚಿಕ್ಕ ನಕಲು ಮಾಡುವಾಗ ಅಕ್ಕಪಕ್ಕದ ಚುಕ್ಕಿಗಳು ಕಲೆಯುತ್ತವೆ. ತುಂಡಿನ ಗೆರೆಯವರೆಗೆ ಮಾತ್ರ ಬಣ್ಣ ಹಾಕಿ ನಿಲ್ಲಿಸಿದರೆ ಹೊರಗಿನ ಖಾಲಿ ಜಾಗದ ಬಣ್ಣ ಒಳಗೆ ನುಸುಳಿ, ಭುಜದ ಮೇಲೆ ಹೊಲಿಗೆ ಬಿಟ್ಟಂತೆ ಬಿಳಿ ಗೆರೆ ಮೂಡುತ್ತದೆ. ದರ್ಜಿ ಹೊಲಿಗೆಗೆಂದು ಅಂಚಿನಲ್ಲಿ ಅರಿವೆ ಬಿಡುವಂತೆ ನಾವೂ ಬಣ್ಣವನ್ನು ಗೆರೆಯಾಚೆ ಕೆಲವು ಚುಕ್ಕಿ ಹರಿಸಬೇಕು.

ಈಗ ಈ ಬಗೆಯ ಆಟಗಳಿಗೇ ವಿಶೇಷವಾದ ಸಂಗತಿಗೆ ಬರೋಣ. ಒಂದೇ ಮೌರ್ಯ ಪಡೆಯನ್ನು ಇಬ್ಬರು ಆಡಿದರೆ ಯಾರ ಸೈನಿಕ ಯಾರು ಎಂದು ಹೇಗೆ ಗೊತ್ತಾಗಬೇಕು? ಒಬ್ಬನಿಗೆ ನೀಲಿ, ಒಬ್ಬನಿಗೆ ಕೆಂಪು. ಈ ‘ಪ್ಲೇಯರ್ ಕಲರ್’ ಅನ್ನು ನೀವು ಬರೆಯುವುದಿಲ್ಲ, ಜಾಗ ಬಿಟ್ಟುಕೊಡುತ್ತೀರಿ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕೆಗಳಿರುತ್ತವೆ. ಅವುಗಳ ಜೊತೆ ನಾಲ್ಕನೆಯದಾಗಿ ‘ಆಲ್ಫಾ’ ಇದೆ, ಅಂದರೆ ಎಷ್ಟು ಪಾರದರ್ಶಕ ಎಂಬ ಅಂಕೆ. ಝೀರೋ ಎ.ಡಿ.ಯ ಸೈನಿಕರ ಚಿತ್ರದಲ್ಲಿ ಎಲ್ಲಿ ಪಾರದರ್ಶಕವಾಗಿ ಬಿಟ್ಟಿರುತ್ತೀರೋ ಅಲ್ಲಿ ಆಟಗಾರನ ಬಣ್ಣ ಬಂದು ಕೂರುತ್ತದೆ. ಬಣ್ಣದಂಗಡಿಯಲ್ಲಿ ಬಿಳಿ ಸೀರೆ ಅದ್ದಿದಂತೆ. ಬಿಳಿಯಿದ್ದಲ್ಲಿ ಗಾಢವಾಗಿ ಹಿಡಿಯುತ್ತದೆ, ಬೂದು ಇದ್ದಲ್ಲಿ ಮಬ್ಬು, ಕಪ್ಪಿದ್ದಲ್ಲಿ ಕಪ್ಪೇ. ಆದ್ದರಿಂದ ಆ ಭಾಗದ ನೆರಿಗೆಗಳನ್ನು ಬಿಳಿ–ಬೂದುಗಳಲ್ಲೇ ಬರೆಯಬೇಕು.

ನಾನು ಕೆಟ್ಟದ್ದು ಇಲ್ಲಿಯೇ. ರುಮಾಲನ್ನು ಚೆಂದವಾಗಿ ಬಿಳಿ ನೆರಿಗೆಯಲ್ಲಿ ಬರೆದು, ಪಾರದರ್ಶಕ ಮಾಡಿ, ಪಿಎನ್‌ಜಿ ಕಡತವಾಗಿ ಉಳಿಸಿದೆ. ಆಟ ತೆರೆದರೆ ಎಲ್ಲರ ತಲೆಯ ಮೇಲೂ ಇದ್ದಿಲ ಬುಟ್ಟಿ! ಎರಡು ರಾತ್ರಿ ತಲೆ ಕೆರೆದುಕೊಂಡೆವು. ಕಾರಣ ಏನೆಂದರೆ, ಪೂರ್ತಿ ಪಾರದರ್ಶಕ ಚುಕ್ಕಿಯ ಬಣ್ಣ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಗಿಂಪ್ ಉಳಿಸುವಾಗ ಅದನ್ನು ಅಳಿಸಿಹಾಕಬಲ್ಲದು. ಅಳಿಸಿದರೆ ಅಲ್ಲಿ ಉಳಿಯುವುದು ಕಪ್ಪು. ಎಕ್ಸ್‌ಪೋರ್ಟ್ ಮಾಡುವಾಗ ಬರುವ ಕಿಟಕಿಯಲ್ಲಿ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನೂ ಉಳಿಸು ಎಂಬ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು, ಅಷ್ಟೇ.

ಕೊನೆಗೆ ಸಂಕೋಚನ. 512 ಅಗಲ, 512 ಎತ್ತರದ ಚಿತ್ರದಲ್ಲಿ 2,62,144 ಚುಕ್ಕಿಗಳಿವೆ. ಚುಕ್ಕಿಗೆ ನಾಲ್ಕು ಬೈಟ್‌ನಂತೆ ಒಂದು ಎಂ.ಬಿ. ಒಂದು ಚಿತ್ರಕ್ಕೆ ಇದೇನು ಮಹಾ ಅನ್ನಿಸಬಹುದು, ಆದರೆ ಆಟದಲ್ಲಿ ಇಂಥ ಚಿತ್ರಗಳು ನೂರಾರು. ಅದಕ್ಕೆ ಆಟ ಇವನ್ನು ‘ಡಿಡಿಎಸ್’ ಎಂಬ ರೂಪಕ್ಕೆ ತಿರುಗಿಸಿ ಕಾಲುಭಾಗ ಅಥವಾ ಅದಕ್ಕೂ ಕಡಿಮೆಗೆ ಇಳಿಸುತ್ತದೆ. ನಾಲ್ಕು ಚುಕ್ಕಿ ಅಗಲ, ನಾಲ್ಕು ಚುಕ್ಕಿ ಎತ್ತರದ ಒಂದೊಂದು ಚಿಕ್ಕ ಮನೆಗೂ ಎರಡೇ ಮುಖ್ಯ ಬಣ್ಣ ಮತ್ತು ಅವುಗಳ ನಡುವಿನ ಛಾಯೆಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಂದಾಜಿಸುತ್ತದೆ. ಒಂದೇ ಚುಕ್ಕಿ ದಪ್ಪದ ಜರಿ ಅಂಚು ಅಲ್ಲಿ ಕದಡಿಹೋಗುತ್ತದೆ. ಮೂರು ನಾಲ್ಕು ಚುಕ್ಕಿ ದಪ್ಪ ಎಳೆದರೆ ನಿಲ್ಲುತ್ತದೆ.

ಉಬ್ಬು ಮತ್ತು ಹೊಳಪು

ಬಣ್ಣದ ಚಿತ್ರದ ಜೊತೆಗೆ ಇನ್ನೂ ಒಂದೆರಡು ಚಿತ್ರ ಇರಬಹುದು. ‘ನಾರ್ಮಲ್ ಮ್ಯಾಪ್’ ನೋಡಲು ನೇರಳೆ–ನೀಲಿ. ಅದು ಬಣ್ಣವಲ್ಲ, ಬೆಳಕು ಯಾವ ಕಡೆ ವಾಲಬೇಕೆಂಬ ಸೂಚನೆ. ಚಪ್ಪಟೆ ಬಟ್ಟೆಯೂ ನೆರಿಗೆ ಹಿಡಿದಂತೆ ಕಾಣುವುದು ಅದರಿಂದ. ಹಳೆಯ ಬಟ್ಟೆಯ ನಾರ್ಮಲ್ ಮ್ಯಾಪ್ ಹಾಗೆಯೇ ಬಿಟ್ಟು ಬಣ್ಣ ಮಾತ್ರ ಬದಲಿಸಿದರೆ, ಬರಿಮೈಯ ಮೇಲೆ ಹಿಂದಿನ ಅಂಗಿಯ ನೆರಿಗೆ ದೆವ್ವದಂತೆ ಮೂಡುತ್ತದೆ. ‘ಸ್ಪೆಕ್ಯುಲರ್ ಮ್ಯಾಪ್’ ಹೇಳುವುದು ಎಲ್ಲಿ ಹೊಳೆಯಬೇಕು ಎಂದು. ಬಿದರಿಯ ಕಪ್ಪು ಮಂಕು, ಬೆಳ್ಳಿ ಥಳಥಳ. ಹಾರ, ಓಲೆಗಳಿಗೆ ತೆಳು ಬಣ್ಣ, ಹತ್ತಿಗೆ ಕಪ್ಪು ಕೊಟ್ಟರಾಯಿತು.

ಆಟದೊಳಗೆ ಸೇರಿಸುವುದು

ಇಲ್ಲಿ ‘ಮಾಡ್’ ಎಂಬ ಪದ ಬರುತ್ತದೆ. ಮಾಡಿಫಿಕೇಶನ್ ಎಂಬುದರ ಮೊಟಕು. ಹುಡುಗರು “ಮಾಡ್ ಮಾಡ್ಲಾಕತ್ತೀನಿ” ಎನ್ನುವಾಗ ತೊದಲುತ್ತಿಲ್ಲ.

ಆಟದ ಮೂಲ ಕಡತಗಳನ್ನು ಮುಟ್ಟುವುದೇ ಬೇಡ. ಝೀರೋ ಎ.ಡಿ.ಗೆ ‘ಮಾಡ್ಸ್’ ಎಂಬ ಫೋಲ್ಡರ್ ಇದೆ. ಅದರಲ್ಲಿ ನಿಮ್ಮದೊಂದು ಫೋಲ್ಡರ್ ಮಾಡಿ, ಅದಕ್ಕೆ ‘ಮಾಡ್ ಡಾಟ್ ಜೇಸನ್’ ಎಂಬ ಪುಟ್ಟ ಪರಿಚಯಪತ್ರ ಬರೆಯಬೇಕು. ಮಾಡ್‌ನ ಹೆಸರು, ಆವೃತ್ತಿ, ಆಟದ ಯಾವ ಆವೃತ್ತಿಗೆ ಹೊಂದುತ್ತದೆ ಎಂಬ ವಿವರ ಅದರಲ್ಲಿರುತ್ತದೆ. ಆಮೇಲೆ ಮೂಲದಲ್ಲಿ ಚಿತ್ರ ಯಾವ ದಾರಿಯಲ್ಲಿ, ಯಾವ ಹೆಸರಿನಲ್ಲಿದೆಯೋ ಅದೇ ದಾರಿಯಲ್ಲಿ, ಅದೇ ಹೆಸರಿನಲ್ಲಿ ನಿಮ್ಮ ಚಿತ್ರ ಇಡಿ. ಆಟ ಮೂಲವನ್ನು ಓದಿ, ಅದರ ಮೇಲೆ ನಿಮ್ಮದನ್ನು ಹೊದಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಮಾಡ್ ತೆಗೆದುಹಾಕಿದರೆ ಹಳೆಯ ಸೈನಿಕ ವಾಪಸು. ಏನೂ ಕೆಡುವುದಿಲ್ಲ.

ಹಳೆಯದೂ ಇರಲಿ, ಹೊಸದೂ ಬರಲಿ ಎಂದರೆ ‘ಆ್ಯಕ್ಟರ್’ ಎಂಬ ಎಕ್ಸ್‌ಎಂಎಲ್ ಕಡತ ತಿದ್ದಬೇಕು. ಯಾವ ಮೆಶ್, ಯಾವ ಚಿತ್ರ, ಕೈಗೆ ಯಾವ ಆಯುಧ ಎಂಬ ಪಟ್ಟಿ ಅದು. ಒಂದೇ ಸೈನಿಕನಿಗೆ ಅದರಲ್ಲಿ ಹಲವು ಮುಖ, ಹಲವು ಬಟ್ಟೆ ಕೊಟ್ಟು, ಯಾವುದು ಎಷ್ಟು ಸಲ ಬರಬೇಕು ಎಂದೂ ಹೇಳಬಹುದು. ದಂಡಿನಲ್ಲಿ ನೂರು ಜನ ಅವಳಿಜವಳಿಗಳಂತೆ ಕಾಣದಿರುವ ಗುಟ್ಟು ಇದೇ. ಆಟದ ಜೊತೆ ಬರುವ ‘ಅಟ್ಲಾಸ್’ ಎಡಿಟರ್‌ನಲ್ಲಿ ಸೈನಿಕನನ್ನು ಒಬ್ಬನೇ ನಿಲ್ಲಿಸಿ, ಸುತ್ತ ತಿರುಗಿಸಿ ನೋಡಬಹುದು.

ಮನೆಯವರು ಕೇಳುವ ಪ್ರಶ್ನೆಗಳು

ದುಡ್ಡು ಹೋಗುತ್ತದೆಯೇ? ಇಲ್ಲಿ ಹೇಳಿದ ದಾರಿಯಲ್ಲಿ ಇಲ್ಲ. ಕೆಲವು ದೊಡ್ಡ ಆನ್‌ಲೈನ್ ಆಟಗಳು ಕಂಪನಿಯೇ ಮಾಡಿದ ಸ್ಕಿನ್‌ಗಳನ್ನು ಮಾರುತ್ತವೆ. ಅದು ಕೊಳ್ಳುವುದು, ಇದು ಮಾಡುವುದು. ಮಗ ಯಾವುದರ ಬಗ್ಗೆ ಹೇಳುತ್ತಿದ್ದಾನೆ ಎಂದು ಕೇಳಿಕೊಳ್ಳಿ.

ಬೇರೆಯವರಿಗೆ ಕಾಣುತ್ತದೆಯೇ? ಅವರ ಕಂಪ್ಯೂಟರಿನಲ್ಲೂ ಅದೇ ಮಾಡ್ ಇದ್ದರೆ ಮಾತ್ರ. ಎಲ್ಲ ಆಟಗಳೂ ಇದಕ್ಕೆ ಒಪ್ಪುವುದಿಲ್ಲ. ಸ್ಪರ್ಧೆಯ ಆಟಗಳಲ್ಲಿ ಕಡತ ಮುಟ್ಟಿದರೆ ಖಾತೆ ಮುಚ್ಚುವುದೂ ಉಂಟು. ನಿಯಮ ಓದಿಯೇ ಕೈಹಾಕಬೇಕು.

ಹಕ್ಕು ಯಾರದು? ಝೀರೋ ಎ.ಡಿ.ಯ ಕಲಾಕೃತಿಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿದೆ. ತಿದ್ದಬಹುದು, ಹಂಚಬಹುದು. ಆದರೆ ಮೂಲದವರ ಹೆಸರು ಹೇಳಬೇಕು, ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ಇಂಟರ್‌ನೆಟ್‌ನಲ್ಲಿ ಸಿಕ್ಕ ಯಾರದೋ ಫೋಟೋ ಅಂಟಿಸಿದರೆ ಈ ಲೆಕ್ಕ ಕೆಡುತ್ತದೆ. ನಾವು ಕಲ್ಲಿನ ಮೇಲ್ಮೈ ಬೇಕಾದಾಗ ಮನೆಯ ಶಹಾಬಾದ್ ಫರ್ಸಿಯ ಫೋಟೋ ತೆಗೆದುಕೊಂಡೆವು. ಅದೂ ಸುಣ್ಣಕಲ್ಲೇ.

ಸ್ಕಿನ್‌ಗೆ ಆಗದ ಕೆಲಸ

ನಮ್ಮ ಅಶೋಕ ಈಗ ರುಮಾಲು ಸುತ್ತಿ, ಹಾರ ಹಾಕಿ, ಮಂಜಿಷ್ಠದ ಧೋತರ ಉಟ್ಟು ಓಡಾಡುತ್ತಿದ್ದಾನೆ. ಹತ್ತಿರದಿಂದ ನೋಡಿದರೆ ಚೆಂದ. ಕ್ಯಾಮೆರಾ ಮೇಲೆತ್ತಿದರೆ ಗುಂಪಿನಲ್ಲಿ ಯಾರು ರಾಜ, ಯಾರು ಆಳು ತಿಳಿಯುವುದಿಲ್ಲ. ಕನಗನಹಳ್ಳಿಯ ಹಲಗೆಯ ಫೋಟೋವನ್ನು ಅಕ್ಕನ ಮಗ ಉಗುರಿನಷ್ಟು ಚಿಕ್ಕದು ಮಾಡಿ ಪಕ್ಕದಲ್ಲಿಟ್ಟು ನೋಡಿದ. ಅಲ್ಲಿ ರಾಜ ಎಲ್ಲಿದ್ದಾನೆಂದು ಹುಡುಕಬೇಕಿರಲಿಲ್ಲ, ತಲೆಯ ಮೇಲೆ ಛತ್ರಿ ಇತ್ತು.

ಛತ್ರಿಯನ್ನು ಸ್ಕಿನ್‌ನಲ್ಲಿ ಬರೆಯಲಾಗದು. ಗೊಂಬೆಯಲ್ಲಿ ಇಲ್ಲದ ಆಕಾರಕ್ಕೆ ಬಟ್ಟೆ ತೊಡಿಸುವುದು ಹೇಗೆ? ಅದಕ್ಕೆ ಬೇರೆಯದೇ ಪುಟ್ಟ ಮೆಶ್ ಮಾಡಿ, ‘ಪ್ರಾಪ್’ ಎಂದು ಮೈಗೆ ಸಿಕ್ಕಿಸಬೇಕು. ಗುರಾಣಿ, ಈಟಿಗಳನ್ನು ಸಿಕ್ಕಿಸುವುದೂ ಹಾಗೆಯೇ. ಈಗ ರಾತ್ರಿ ಒಂದು ಗಂಟೆಗೆ ಅವನು ಬ್ಲೆಂಡರ್ ತೆರೆದು, ಎಂಟು ತ್ರಿಕೋನಗಳನ್ನು ಕೂಡಿಸಿ ಒಂದು ಛತ್ರಿ ಮಾಡುತ್ತ ಕೂತಿದ್ದಾನೆ. ಕೋಲು ಇನ್ನೂ ಸೊಟ್ಟಗೇ ಇದೆ.